ಪಿಕಾಸಿ ಸೊಂಟದಲ್ಲಿರಲಿ, ಕೈ ಖಾಲಿ ಇರಲಿ

ತೋಟ ಸುತ್ತೋಕೆ ಹೊರಟಾಗ ನಿಮ್ಮ ಕೈಯಲ್ಲಿ ಏನಿರುತ್ತೆ? ನಮ್ಮ ವಯಸ್ಸಿನ ಹೆಚ್ಚಿನವರ ಉತ್ತರ ಒಂದೇ, ಮೊಬೈಲು. ಇನ್ನೊಂದು ಕೈಯಲ್ಲಿ ನೀರಿನ ಬಾಟಲಿಯೋ, ಡ್ರಿಪ್ ಜಾಯ್ನರ್ ತುಂಬಿದ ಚೀಲವೋ ಇರುತ್ತೆ. ಅಗೆಯುವ ಸಲಕರಣೆ ಮಾತ್ರ ಪಂಪ್‌ಹೌಸಿನ ಮೂಲೆಯಲ್ಲಿ ಒರಗಿರುತ್ತೆ. ಕೊನೇ ಸಾಲಿನಲ್ಲಿ ಪೈಪ್ ಒಡೆದು ಮಣ್ಣಿನಡಿಯಿಂದ ನೀರು ಜಿನುಗೋದು ಕಾಣುತ್ತೆ. 'ಸಂಜೆ ಗುದ್ದಲಿ ತಂದು ನೋಡಿದ್ರಾಯ್ತು' ಅಂದ್ಕೊಂಡು ಮುಂದೆ ಹೋಗ್ತೀವಿ. ಆ ಸಂಜೆ ಬರೋದು ಮೂರು ದಿನ ಬಿಟ್ಟು.

ಸಲಕರಣೆ ಹೊತ್ತುಕೊಂಡೇ ಹೋದರೆ ಬೇರೆ ತರದ ತೊಂದರೆ. ಹೆಗಲ ಮೇಲಿಟ್ಟರೆ ಅಲಗು ಕುತ್ತಿಗೆಯ ಪಕ್ಕದಲ್ಲೇ ಇರುತ್ತೆ. ಕೈಯಲ್ಲಿ ಹಿಡಿದರೆ ಹತ್ತು ನಿಮಿಷಕ್ಕೆ ಮಣಿಕಟ್ಟು ಸೋಲುತ್ತೆ, ಎಲ್ಲೋ ಒರಗಿಸಿ ಬೇರೆ ಕೆಲಸಕ್ಕೆ ಹೋಗ್ತೀವಿ, ಆಮೇಲೆ ಎಲ್ಲಿಟ್ಟೆವು ಅಂತ ಹುಡುಕ್ತೀವಿ. ನಮ್ಮೂರಲ್ಲಿ ಹಿರಿಯರೊಬ್ಬರು ಮಳೆಗಾಲದಲ್ಲಿ ಪಿಕಾಸಿ ಹೆಗಲಿಗೇರಿಸಿ ಸಂಕ ದಾಟುವಾಗ ಜಾರಿದರು. ಬಿದ್ದದ್ದು ಎರಡೇ ಅಡಿ ಆಳದ ಬಸಿಗಾಲುವೆಗೆ. ಆದರೆ ಜೊತೆಗೆ ಬಿದ್ದ ಪಿಕಾಸಿ ಕಿವಿಯ ಹಿಂದೆ ಸೀಳಿತ್ತು. ಇನ್ನೊಂದು ಇಂಚು ಕೆಳಗೆ ಬಿದ್ದಿದ್ದರೆ ಇವತ್ತು ಅವರ ವಿಷಯ ಬೇರೆ ರೀತಿ ಬರೆಯಬೇಕಾಗಿತ್ತು.

ಅಗೆಯೋದು ಹೇಗೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಗೆಯುವ ಸಲಕರಣೆಯನ್ನು ಹೊರೋದು ಹೇಗೆ ಅಂತ ಮಾತ್ರ ತೋಟಗಾರಿಕೆ ಓದುವಾಗಲೂ ನನಗೆ ಯಾರೂ ಹೇಳಿರಲಿಲ್ಲ. ಇದನ್ನು ಚೆನ್ನಾಗಿ ಯೋಚಿಸಿದವರು ಒಂದು ವರ್ಗದ ಜನ ಇದ್ದಾರೆ, ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಹವ್ಯಾಸಿಗಳು.

ಅವರ ಕಷ್ಟವೂ ನಮ್ಮ ಕಷ್ಟವೇ

ಇಂಗ್ಲೆಂಡಿನಲ್ಲಿ ಇದೊಂದು ದೊಡ್ಡ ಹವ್ಯಾಸ. ಹೊಲದ ಯಜಮಾನನ ಅನುಮತಿ ಪಡೆದು, ಕೊಯ್ಲಾದ ಹೊಲದಲ್ಲಿ ಯಂತ್ರ ಬೀಸುತ್ತಾ ಗಂಟೆಗಟ್ಟಲೆ ನಡೀತಾರೆ. ಯಂತ್ರ ಕೂಗಿದ ಕಡೆ ಕೂತು ಸಣ್ಣ ಗುಂಡಿ ತೋಡಿ, ಸಿಕ್ಕಿದ್ದನ್ನು ತೆಗೆದು, ಗುಂಡಿ ಮುಚ್ಚಿ ಮುಂದೆ ಹೋಗ್ತಾರೆ. ಹೀಗೆ ದಿನಕ್ಕೆ ಹತ್ತಾರು ಸಲ.

ಅಲ್ಲಿನ ಒಂದು ಕಥೆ ರೈತರಾದ ನಾವು ಕೇಳಲೇಬೇಕು. 1992ರ ನವೆಂಬರ್‌ನಲ್ಲಿ ಸಫೋಕ್ ಪ್ರಾಂತ್ಯದ ಹಾಕ್ಸ್‌ನ್ ಎಂಬ ಹಳ್ಳಿಯ ರೈತ ಪೀಟರ್ ವಾಟ್ಲಿಂಗ್ ಹೊಲದಲ್ಲಿ ಸುತ್ತಿಗೆ ಕಳ್ಕೊಂಡರು. ಹುಡುಕಿಕೊಡೋಕೆ ಮೆಟಲ್ ಡಿಟೆಕ್ಟರ್ ಇದ್ದ ಗೆಳೆಯ ಎರಿಕ್ ಲಾಸ್ ಅವರನ್ನು ಕರೆದರು. ಸುತ್ತಿಗೆ ಹುಡುಕಲು ಹೋದ ಲಾಸ್‌ಗೆ ಸಿಕ್ಕಿದ್ದು ರೋಮನ್ ಕಾಲದ ನಿಧಿ, ಸುಮಾರು 15,000 ನಾಣ್ಯ, ಜೊತೆಗೆ ಚಿನ್ನದ ಒಡವೆ, ಬೆಳ್ಳಿಯ ಚಮಚಗಳು. ಅವರು ಪೂರ್ತಿ ಅಗೆಯದೆ ಅಧಿಕಾರಿಗಳಿಗೆ ತಿಳಿಸಿದರು. ಪುರಾತತ್ವದವರು ಬಂದು ಕ್ರಮವಾಗಿ ಹೊರತೆಗೆದರು. ಆ ಸುತ್ತಿಗೆಯೂ ಸಿಕ್ಕಿತು. ಈಗ ಅದು ಕೂಡ ಬ್ರಿಟಿಷ್ ಮ್ಯೂಸಿಯಂನಲ್ಲೇ ಇದೆ!

ಎಲ್ಲರಿಗೂ ಸುತ್ತಿಗೆ ಕಳೆದದ್ದಕ್ಕೆ ನಿಧಿ ಸಿಗಲ್ಲ. ನಮಗೆ ಸಿಗೋದು ಬೈಗುಳ. ಹಾಗಾಗಿ ಸಲಕರಣೆ ಮೈಗೇ ಅಂಟಿಕೊಂಡಿರೋದು ಒಳ್ಳೇದು.

ಡಿಟೆಕ್ಟರ್ ಹಿಡಿದವರ ಒಂದು ಕೈ ಯಾವಾಗಲೂ ಯಂತ್ರಕ್ಕೇ ಮೀಸಲು. ನಡಿಗೆ ಉದ್ದ, ಅಗೆತ ಸಣ್ಣದು, ಆದರೆ ಪದೇ ಪದೇ. ಮಣ್ಣಿನ ಸ್ಯಾಂಪಲ್ ತೆಗೆಯುವಾಗ, ಅಡಿಕೆ ಬುಡದಲ್ಲಿ ಬೇರುಹುಳ ನೋಡುವಾಗ, ಡ್ರಿಪ್ ಲೈನ್ ಸರಿ ಮಾಡುವಾಗ ನಮ್ಮ ಕೆಲಸವೂ ಇದೇ ಲೆಕ್ಕ. ಅವರು ಕಂಡುಕೊಂಡ ಸೂತ್ರ ಸರಳ: ನಡೆಯುವಾಗ ಭಾರವನ್ನು ಸೊಂಟ ಹೊರಬೇಕು, ಕೈ ಹೊರಬಾರದು. ಬೇಕಾದಾಗ ಸಲಕರಣೆ ಒಂದೇ ಕೈಯಲ್ಲಿ ಹೊರಬರಬೇಕು.

ಹಾಗೆ ನೋಡಿದರೆ ಇದು ನಮಗೆ ಹೊಸದಲ್ಲ. ಮಲೆನಾಡು, ಕರಾವಳಿ ಕಡೆ ಸೊಂಟದ ಹಿಂದೆ ಮರದ ಕೊಕ್ಕೆ ಕಟ್ಟಿ ಕತ್ತಿ ಸಿಗಿಸಿಕೊಂಡೇ ತೋಟಕ್ಕಿಳಿಯೋದು. ಕೊಡವರ ಒಡಿಕತ್ತಿ ಕೂತಿರೋದೂ ಬೆನ್ನ ಹಿಂದೆಯೇ. ನಾನು ಸೊಂಟಕ್ಕೆ ಪಿಕಾಸಿ ನೇತುಹಾಕಿದ್ದು ನೋಡಿ ಪಕ್ಕದ ತೋಟದ ಹಿರಿಯರು ಅಂದಿದ್ದು ಇಷ್ಟೇ: "ಕತ್ತಿಗೆ ಕೊಕ್ಕೆ ಮಾಡಿದವ್ರು ಪಿಕಾಸಿಗೆ ಯಾಕೆ ಮಾಡ್ಲಿಲ್ಲ ಅಂತ ನಂಗೂ ಅನ್ಸಿತ್ತು ಮಾರಾಯಾ."

ಮೊದಲು ಪಿಕಾಸಿ ಸರಿಯಾಗಿರಲಿ

ರಸ್ತೆ ಕೆಲಸದ ದೊಡ್ಡ ಪಿಕಾಸಿ ಸೊಂಟಕ್ಕೆ ಆಗಲ್ಲ. ಅದರ ತಲೆಯೇ ಎರಡು ಮೂರು ಕೆಜಿ ತೂಗುತ್ತೆ. ಸೊಂಟದಲ್ಲಿ ನೇತುಹಾಕೋಕೆ ಕಾವು ಸೇರಿ ಒಂದು ಕೆಜಿ ಆಸುಪಾಸಿನ ಸಣ್ಣ ಪಿಕಾಸಿ ಸಾಕು. ಒಂದು ಕಡೆ ಮೊನೆ, ಇನ್ನೊಂದು ಕಡೆ ಎರಡು ಮೂರು ಇಂಚು ಅಗಲದ ಅಲಗು ಇರಲಿ. ಅಂಗಡಿಯಲ್ಲಿ ಸಿಗದಿದ್ದರೆ ನಿಮ್ಮೂರ ಕುಲುಮೆಯಲ್ಲಿ ಮಾಡಿಸಿ. ಹಳೇ ಲಾರಿ ಪಟ್ಟಿಯ ಉಕ್ಕು ಇದಕ್ಕೆ ಚೆನ್ನಾಗಿ ಬರುತ್ತೆ.

ಕಾವಿನ ಉದ್ದ ಮುಖ್ಯ. ಬೆಲ್ಟಿನಿಂದ ನೇತಾಡುವಾಗ ಕಾವಿನ ತುದಿ ಮಂಡಿಗಿಂತ ಮೇಲೆಯೇ ನಿಲ್ಲಬೇಕು. ಸಾಮಾನ್ಯ ಎತ್ತರದವರಿಗೆ 15-16 ಇಂಚು ಸರಿಹೋಗುತ್ತೆ. ಇದಕ್ಕಿಂತ ಉದ್ದವಾದರೆ ಪ್ರತಿ ಹೆಜ್ಜೆಗೂ ಮಂಡಿಗೆ ಬಡಿಯುತ್ತೆ, ಕೂತಾಗ ನೆಲಕ್ಕೆ ತಾಗಿ ಪಿಕಾಸಿ ಮೇಲಕ್ಕೆ ಜಿಗಿಯುತ್ತೆ. ತೀರಾ ಗಿಡ್ಡ ಮಾಡಿದರೆ ಅಗೆಯುವಾಗ ಬಲ ಸಿಗಲ್ಲ.

ಗಿಡ್ಡ ಕಾವಿನ ಸಲಕರಣೆಯನ್ನು ನಿಂತು, ಬೆನ್ನು ಬಗ್ಗಿಸಿ ಬಳಸಬೇಡಿ. ಒಂದು ಮಂಡಿ ಊರಿ ಕೂತು ಅಗೆಯಿರಿ. ಮಂಡಿಯಡಿಗೆ ಮಡಚಿದ ಗೋಣಿ ತುಂಡು ಹಾಕ್ಕೊಳ್ಳಿ. ಎಷ್ಟೇ ಚೆನ್ನಾಗಿ ಹೊತ್ತರೂ ಅಗೆಯುವಾಗ ಬೆನ್ನು ಬಗ್ಗಿಸಿಯೇ ಇದ್ದರೆ ಸೊಂಟನೋವು ತಪ್ಪಲ್ಲ.

ಹೊರುವ ಮೂರು ವಿಧಾನ

1. ಸೊಂಟದ ಬಳೆ. ದಿನದ ಕೆಲಸಕ್ಕೆ ಇದೇ ಉತ್ತಮ. ಬೆಲ್ಟಿಗೆ ಒಂದು ಬಳೆ, ಅದರೊಳಗೆ ಮೇಲಿಂದ ಕಾವು ಇಳಿಸಿದರೆ ಪಿಕಾಸಿಯ ತಲೆ ಬಳೆಯ ಮೇಲೆ ಕೂರುತ್ತೆ. ಬಡಗಿಗಳ ಸುತ್ತಿಗೆ ನೇತಾಡೋದೂ ಹೀಗೆಯೇ. ಬಳೆಯ ಜಾಗ ಸೊಂಟದ ಪಕ್ಕದಿಂದ ಸ್ವಲ್ಪ ಹಿಂದೆ, ಅಂದರೆ ಪ್ಯಾಂಟಿನ ಹಿಂದಿನ ಜೇಬು ಶುರುವಾಗೋ ಕಡೆ. ಹೊಟ್ಟೆಯ ಮುಂದೆ ಬೇಡ, ಬಗ್ಗಿದರೆ ಚುಚ್ಚುತ್ತೆ. ಬೆನ್ನುಮೂಳೆಯ ನೇರಕ್ಕಂತೂ ಬೇಡವೇ ಬೇಡ, ಹಿಂದಕ್ಕೆ ಜಾರಿ ಬಿದ್ದರೆ ಕಬ್ಬಿಣದ ಮೇಲೆಯೇ ಬೀಳ್ತೀರಿ.

ಡಿಟೆಕ್ಟರ್ ಬಳಸೋರು ಯಂತ್ರ ಬಲಗೈಯಲ್ಲಿದ್ದರೆ ಪಿಕಾಸಿಯನ್ನು ಎಡಕ್ಕೆ ಅಥವಾ ಹಿಂದಕ್ಕೆ ಹಾಕ್ತಾರೆ. ಯಂತ್ರದ ಹತ್ತಿರ ಕಬ್ಬಿಣ ಬಂದರೆ ಅದಕ್ಕೇ ಕೂಗುತ್ತೆ ಅನ್ನೋದು ಅವರ ಕಾರಣ. ನಮಗೂ ಅದೇ ನಿಯಮ ಇರಲಿ, ಕಾರಣ ಬೇರೆ. ಮೊಬೈಲ್ ಇಟ್ಟ ಜೇಬಿನ ಕಡೆ ಪಿಕಾಸಿ ಹಾಕಬೇಡಿ. ಸ್ಕ್ರೀನ್ ಬದಲಿಸುವ ದುಡ್ಡಲ್ಲಿ ಎರಡು ಪಿಕಾಸಿ ಬರುತ್ತೆ. ಮೊಬೈಲು, ನೀರಿನ ಬಾಟಲಿ ಒಂದು ಕಡೆ, ಪಿಕಾಸಿ ಇನ್ನೊಂದು ಕಡೆ ಇದ್ದರೆ ತೂಕವೂ ಸಮ ಆಗುತ್ತೆ.

2. ಬೆನ್ನ ಚೀಲ. ಮನೆಯಿಂದ ದೂರದ ತೋಟಕ್ಕೆ, ಗುಡ್ಡದ ಮೇಲಿನ ಪ್ಲಾಟಿಗೆ ನಡೆಯುವಾಗ ಇದು ಸುಖ. ಟ್ರೆಕ್ಕಿಂಗ್ ಬ್ಯಾಗಿನ ಅಡಿಯಲ್ಲಿ ಒಂದು ಸಣ್ಣ ಕುಣಿಕೆ ಇರೋದನ್ನು ನೋಡಿರಬಹುದು. ಹಿಮಪರ್ವತ ಹತ್ತೋರು ಐಸ್ ಕೊಡಲಿ ಸಿಗಿಸೋದು ಅದಕ್ಕೇ. ಕಾವನ್ನು ಕುಣಿಕೆಯೊಳಗೆ ತೂರಿಸಿ, ಮೇಲಕ್ಕೆ ತಿರುಗಿಸಿ, ಮೇಲ್ತುದಿಯನ್ನು ಚೀಲಕ್ಕೆ ಕಟ್ಟಬೇಕು. ತಲೆ ಕೆಳಗೆ, ಕಾವು ಮೇಲೆ. ಅಲಗು ಕುತ್ತಿಗೆಯಿಂದ ದೂರ ಇರುತ್ತೆ. ಹಳೇ ಸ್ಕೂಲ್ ಬ್ಯಾಗಿಗೂ ಇಂಥ ಕುಣಿಕೆ ಹೊಲಿಸಬಹುದು. ಪದೇ ಪದೇ ತೆಗೆಯೋ ಕೆಲಸಕ್ಕೆ ಇದು ಆಗಲ್ಲ, ಪ್ರತಿ ಸಲ ಚೀಲ ಇಳಿಸಬೇಕಾಗುತ್ತೆ. ಕಾಫಿ ಗಿಡದ ನಡುವೆ ಮೇಲೆದ್ದ ಕಾವು ರೆಂಬೆಗೆ ಸಿಕ್ಕಿಕೊಳ್ಳೋದೂ ಉಂಟು.

3. ಕೈಯಲ್ಲಿ. ದೊಡ್ಡ ಪಿಕಾಸಿ, ಗುದ್ದಲಿಗೆ ಇದೇ ಸರಿ. ಆದರೆ ಹಿಡಿಯೋ ಕ್ರಮ ಇದೆ. ಅಮೆರಿಕದ ಕಾಡ್ಗಿಚ್ಚು ನಂದಿಸುವ ಸಿಬ್ಬಂದಿಗೆ ಕಲಿಸುವ ನಿಯಮ ಇದು: ಸಲಕರಣೆ ಯಾವತ್ತೂ ಹೆಗಲ ಮೇಲೆ ಬೇಡ. ಕೈ ಇಳಿಬಿಟ್ಟು, ತೂಕ ಸಮನಾಗುವ ಜಾಗದಲ್ಲಿ ಹಿಡಿಯಬೇಕು. ಇಳಿಜಾರಿನಲ್ಲಿ ಅಡ್ಡ ನಡೆಯುವಾಗ ಸಲಕರಣೆ ಇಳಿಜಾರಿನ ಕಡೆಯ ಕೈಯಲ್ಲಿರಬೇಕು, ಜಾರಿದರೆ ಅದನ್ನು ಕೆಳಗೆ ಎಸೆದುಬಿಡಬಹುದು. ಒಬ್ಬರಿಂದೊಬ್ಬರಿಗೆ ಹತ್ತು ಅಡಿ ಅಂತರ. ಗುದ್ದಲಿ, ಪಿಕಾಸಿಯಲ್ಲಿ ತೂಕ ಸಮ ಆಗೋದು ತಲೆಯ ಹತ್ತಿರವೇ. ನಾವು ಕಾವಿನ ತುದಿ ಹಿಡಿಯೋದರಿಂದಲೇ ಮಣಿಕಟ್ಟು ನೋಯೋದು.

ಬಳೆ ಮಾಡ್ಕೊಳ್ಳೋದು ಹೇಗೆ?

ಅರ್ಧ ಗಂಟೆ ಕೆಲಸ, ಹೆಚ್ಚಿನ ಸಾಮಾನು ಮನೆಯಲ್ಲೇ ಇದೆ.

ಉಳಿದ ಪಿವಿಸಿ ಪೈಪಿನಿಂದ ನಾಲ್ಕು ಇಂಚು ಉದ್ದದ ತುಂಡು ಕೊಯ್ಯಿರಿ. ಕಾವು ಸಲೀಸಾಗಿ ಇಳಿಯಬೇಕು, ತಲೆ ಮೇಲೆಯೇ ನಿಲ್ಲಬೇಕು. ಸಣ್ಣ ಪಿಕಾಸಿಗಾದರೆ ಒಂದೂವರೆ ಇಂಚಿನದ್ದೋ ಎರಡು ಇಂಚಿನದ್ದೋ ಪೈಪ್ ಸಾಕಾಗುತ್ತೆ, ಕಾವು ಇಟ್ಟು ನೋಡಿಯೇ ಆರಿಸಿ. ಪೈಪಿನ ಒಂದು ಬದಿಯಲ್ಲಿ ಬೆಲ್ಟಿನ ಅಗಲಕ್ಕಿಂತ ಸ್ವಲ್ಪ ಉದ್ದದ ಎರಡು ಲಂಬ ಸೀಳು ಮಾಡಿ, ನಡುವೆ ಒಂದಿಂಚು ಅಂತರ ಇರಲಿ. ಸೀಳಿನ ಎರಡು ತುದಿಗೆ ಡ್ರಿಲ್ಲಿನಿಂದ ತೂತು ಹಾಕಿ ನಡುವೆ ಆಕ್ಸಾ ಬ್ಲೇಡಿನಿಂದ ಕೊಯ್ದರೆ ಆಯ್ತು. ಬೆಂಕಿಯಲ್ಲಿ ಕಾಯಿಸಿ ಚುಚ್ಚಬೇಡಿ, ಪಿವಿಸಿ ಸುಟ್ಟ ಹೊಗೆ ವಿಷ. ಅಂಚುಗಳನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ನುಣುಪು ಮಾಡಿ. ಬೆಲ್ಟನ್ನು ಒಂದು ಸೀಳಿನಲ್ಲಿ ಒಳಗೆ ಹಾಕಿ ಇನ್ನೊಂದರಲ್ಲಿ ಹೊರತೆಗೆಯಿರಿ. ಹಳೇ ಬೈಕ್ ಟ್ಯೂಬಿನ ಒಂದು ಪಟ್ಟಿಯನ್ನು ಪಿಕಾಸಿಯ ತಲೆಯ ಮೇಲಿಂದ ಎಳೆದು ಪೈಪಿಗೆ ಸಿಗಿಸಿದರೆ ಕಾಲುವೆ ಹಾರುವಾಗಲೂ ಪಿಕಾಸಿ ಮೇಲೆ ಜಿಗಿಯಲ್ಲ.

ಪ್ಯಾಂಟಿನ ತೆಳು ಬೆಲ್ಟ್ ಸಾಕಾಗಲ್ಲ. ತೂಕಕ್ಕೆ ಒಂದು ಕಡೆ ಜಗ್ಗಿ ಸೊಂಟ ಕೆಂಪಾಗುತ್ತೆ. ಗುಜರಿಯಲ್ಲಿ ಸಿಗುವ ಕಾರಿನ ಸೀಟ್ ಬೆಲ್ಟ್ ಪಟ್ಟಿ ಎರಡು ಇಂಚು ಅಗಲ ಇರುತ್ತೆ, ಮೆತ್ತಗೂ ಇರುತ್ತೆ. ಚಪ್ಪಲಿ ಹೊಲಿಯೋರ ಹತ್ತಿರ ಬಕಲ್ ಹಾಕಿಸಿ. ಲುಂಗಿ, ಪಂಚೆ ಉಟ್ಟವರು, ಸೀರೆ ಮೇಲೆ ಅಂಗಿ ತೊಟ್ಟು ಕೆಲಸ ಮಾಡುವ ಅಕ್ಕಂದಿರು ಇದನ್ನು ಬಟ್ಟೆಯ ಮೇಲಿಂದಲೇ ಕಟ್ಟಿಕೊಳ್ಳಬಹುದು. ನಮ್ಮ ತೋಟಕ್ಕೆ ಬರುವ ಅಕ್ಕ ಒಬ್ಬರು ಮೊದಲು ನಕ್ಕರು, ಮರುದಿನ "ನಂಗೂ ಒಂದು ಮಾಡ್ಕೊಡಿ" ಅಂದರು.

ಇನ್ನು ಮುಸುಕು. ನಡೆಯುವಾಗ ಮೊನೆ, ಅಲಗು ಎರಡೂ ಮುಚ್ಚಿರಬೇಕು. ತ್ಯಾಜ್ಯ ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ಅಲಗಿಗೆ ಸಿಗಿಸಿದರೆ ಅದೇ ಮುಸುಕು. ಮೊನೆಗೆ ದಪ್ಪ ಹೋಸ್ ಪೈಪಿನ ತುಂಡು ಹಾಕಿ. ದಾರದಲ್ಲಿ ಬಳೆಗೆ ಕಟ್ಟಿಡಿ, ಇಲ್ಲದಿದ್ದರೆ ಮೊದಲ ದಿನವೇ ಕಳೆದುಹೋಗುತ್ತೆ. ಕಾವಿನ ತುದಿಗೆ ಎರಡು ಇಂಚು ಕಿತ್ತಳೆಯೋ ಹಳದಿಯೋ ಬಣ್ಣ ಬಳಿಯಿರಿ. ತರಗೆಲೆಯ ಮೇಲೆ ಕಾವಿನ ಕಂದು ಬಣ್ಣ ಕಾಣೋದೇ ಇಲ್ಲ.

ಡಿಟೆಕ್ಟರ್ ಜನರಿಂದ ಕಲಿತ ಇನ್ನೊಂದು ಉಪಾಯ ಆಯಸ್ಕಾಂತ. ಅವರು ಪಿಕಾಸಿಯ ತಲೆಗೆ ಸಣ್ಣ ಆಯಸ್ಕಾಂತ ಅಂಟಿಸಿಕೊಳ್ತಾರೆ, ಗುಂಡಿಯ ಮಣ್ಣಲ್ಲಿರುವ ಮೊಳೆ ತಾನೇ ಬಂದು ಅಂಟುತ್ತೆ. ಹಸು ಸಾಕಿದವರಿಗೆ ಇದು ಬಹಳ ಉಪಯೋಗಿ. ಮೇವಿನ ಜೊತೆ ಮೊಳೆ, ತಂತಿ ಚೂರು ನುಂಗಿದ ಹಸುವಿನ ಹೊಟ್ಟೆ ತೂತಾಗಿ, ಕೆಲವೊಮ್ಮೆ ಹೃದಯದವರೆಗೂ ಚುಚ್ಚಿ ಸಾಯೋದನ್ನು ಪಶುವೈದ್ಯರು ನೋಡ್ತಾನೇ ಇರ್ತಾರೆ. ಹಳೇ ಸ್ಪೀಕರಿನ ಆಯಸ್ಕಾಂತ ಇದಕ್ಕೆ ಸಾಕು. ಅಂಟಿದ ಮೊಳೆ, ತಂತಿಯನ್ನು ಒಂದು ಡಬ್ಬಿಗೆ ಹಾಕ್ತಾ ಬನ್ನಿ.

ಜೊತೆಯಲ್ಲಿದ್ದರೆ ಏನೆಲ್ಲ ಆಗುತ್ತೆ

ಮಣ್ಣು ಪರೀಕ್ಷೆಗೆ ಎಕರೆಗೆ ಹತ್ತು ಹದಿನೈದು ಕಡೆ, ಅಂಕುಡೊಂಕಾಗಿ ನಡೆದು ಮಣ್ಣು ತೆಗೀಬೇಕು. ಗದ್ದೆ, ತರಕಾರಿ ಬೆಳೆಗೆ 15 ಸೆಂ.ಮೀ. ಆಳದ 'ವಿ' ಆಕಾರದ ಗುಂಡಿ. ದೊಡ್ಡ ಗುದ್ದಲಿ ಹೊತ್ತವರು ನಾಲ್ಕು ಕಡೆ ತೆಗೆದು ಸುಸ್ತಾಗಿ, ಉಳಿದದ್ದನ್ನು ಮನೆ ಹತ್ತಿರದ ಮೂಲೆಯಿಂದಲೇ ತುಂಬಿಸ್ತಾರೆ. ಗೊಬ್ಬರಗುಂಡಿ, ಬದು, ದಾರಿ ಪಕ್ಕದ ಆ ಮಣ್ಣಿನ ವರದಿ ನಂಬಿ ವರ್ಷವಿಡೀ ಗೊಬ್ಬರದ ಲೆಕ್ಕ ತಪ್ಪುತ್ತೆ. ಸೊಂಟದಲ್ಲಿ ಪಿಕಾಸಿ, ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ ಇದ್ದರೆ ಹದಿನೈದು ಜಾಗ ಒಂದು ಗಂಟೆ ಕೆಲಸ. ಸತು, ಕಬ್ಬಿಣದಂಥ ಲಘು ಪೋಷಕಾಂಶದ ಪರೀಕ್ಷೆಗಾದರೆ ಪಿಕಾಸಿಯಿಂದ ಗುಂಡಿ ಮಾತ್ರ ತೋಡಿ. ಲೋಹ ತಾಗಿದ ಮಣ್ಣನ್ನು ಮರದ ಚಕ್ಕೆಯಿಂದ ಕೆರೆದು ಬಿಟ್ಟು, ಒಳಗಿನ ಮಣ್ಣನ್ನು ಅದೇ ಚಕ್ಕೆಯಿಂದ ತೆಗೆಯಿರಿ. ತುಕ್ಕು ಹಿಡಿದ ಅಥವಾ ಸತು ಲೇಪಿಸಿದ ಸಲಕರಣೆ ತಾಗಿದರೆ ಫಲಿತಾಂಶ ಕೆಡುತ್ತೆ.

ಅಡಿಕೆಗೆ ಬೇರುಹುಳ ಬಿದ್ದಿದೆಯಾ ಅಂತ ಸೋಗೆ ನೋಡಿ ಗೊತ್ತಾಗೋ ಹೊತ್ತಿಗೆ ಬೇರು ಅರ್ಧ ಹೋಗಿರುತ್ತೆ. ಮುಂಗಾರು ಶುರುವಾದ ಮೇಲೆ ಅಲ್ಲಲ್ಲಿ ಬುಡ ಬಿಡಿಸಿ ನೋಡೋದೇ ದಾರಿ. ಬಾಳೆ ಗಡ್ಡೆಯ ಹುಳ, ತೇವ ಎಷ್ಟು ಆಳಕ್ಕಿಳಿದಿದೆ ಅನ್ನೋದು, ಮಲ್ಚಿಂಗ್ ಅಡಿಯಲ್ಲಿ ಎರೆಹುಳು ಇದೆಯಾ ಅನ್ನೋದು, ಎಲ್ಲಕ್ಕೂ ಐದಾರು ಇಂಚು ಮಣ್ಣು ಬಿಡಿಸಿದರೆ ಸಾಕು. ಸಾವಯವ ಕೃಷಿ ಮಾಡುವ ನನಗೆ ಔಷಧಿ ಹೊಡೆದು ಸರಿ ಮಾಡುವ ದಾರಿ ಇಲ್ಲ. ಬೇಗ ನೋಡೋದೊಂದೇ ಔಷಧಿ. ಸಲಕರಣೆ ಸೊಂಟದಲ್ಲಿದ್ದರೆ ನೋಡ್ತೀನಿ, ಇಲ್ಲದಿದ್ದರೆ ಸಂಜೆಗೆ ಮುಂದೂಡ್ತೀನಿ. ನಿಮ್ಮದೂ ಹಾಗೇ ಇರಬಹುದು.

ಇವಿಷ್ಟು ತಪ್ಪಬೇಡಿ

- ಬೈಕ್, ಟ್ರ್ಯಾಕ್ಟರ್ ಹತ್ತುವ ಮೊದಲು ಪಿಕಾಸಿ ಬಿಚ್ಚಿಡಿ. ಬೈಕಿನಲ್ಲಿ ಕಾಲ ಮಧ್ಯೆ, ಹೆಗಲ ಮೇಲೆ ಬೇಡ. ಮುಸುಕು ಹಾಕಿ, ಗೋಣಿಯಲ್ಲಿ ಸುತ್ತಿ, ಹಿಂದಿನ ಕ್ಯಾರಿಯರಿಗೆ ಉದ್ದಕ್ಕೆ ಬಿಗಿಯಾಗಿ ಕಟ್ಟಿ.
- ಮರ, ಏಣಿ ಹತ್ತುವಾಗ, ಬಾವಿ ಇಣುಕುವಾಗ ಸೊಂಟದಲ್ಲಿ ಪಿಕಾಸಿ ಇರಬಾರದು.
- ಪಂಪಿನ ಕೇಬಲ್ ಹೂತಿರುವ ಕಡೆ ಅಗೆಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಅಲ್ಲಿ ಮೊನೆ ಬಳಸಬೇಡಿ, ಕೈಯಿಂದಲೇ ಮಣ್ಣು ಬಿಡಿಸಿ.
- ವಾರಕ್ಕೊಮ್ಮೆ ತಲೆ ಸಡಿಲವಾಗಿದೆಯಾ ಅಂತ ಅಲುಗಾಡಿಸಿ ನೋಡಿ. ಸಡಿಲ ಇದ್ದರೆ ಬೆಣೆ ಹೊಡೆದೇ ಬಳಸಿ.
- ಮಣ್ಣು ಹತ್ತಿದ ಅಲಗಿನಿಂದ ಗಾಯವಾದರೆ ಅರಿಶಿನ ಹಚ್ಚಿ ಸುಮ್ಮನಾಗಬೇಡಿ. ಹರಿಯೋ ನೀರಲ್ಲಿ ಸೋಪು ಹಾಕಿ ತೊಳೆದು, ಅವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಚುಚ್ಚುಮದ್ದು ಬೇಕಾ ಅಂತ ಕೇಳಿ.

ನಿಧಿ ಹುಡುಕೋ ಆಸೆ ಬಂದರೆ?

ಇಷ್ಟು ಓದಿ ಕೆಲವರಿಗೆ ಡಿಟೆಕ್ಟರನ್ನೇ ಕೊಳ್ಳೋಣ ಅನ್ನಿಸಬಹುದು. ಕಳೆದ ವಾಲ್ವ್, ಹೂತುಹೋದ ಕಬ್ಬಿಣದ ಪೈಪು ಹುಡುಕೋಕೆ ಅದು ಉಪಯೋಗವೇ. ಆದರೆ ನಮ್ಮ ದೇಶದ ಕಾನೂನು ತಿಳಿದಿರಿ. ನಿಧಿ ಕಾಯಿದೆ ಇವತ್ತಿಗೂ ಜಾರಿಯಲ್ಲಿದೆ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ನಿಧಿ ಸಿಕ್ಕರೆ, ಅದು ನಿಮ್ಮದೇ ಜಮೀನಾದರೂ, ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಮುಚ್ಚಿಟ್ಟರೆ ಶಿಕ್ಷೆ ಇದೆ. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಂತೂ ಅನುಮತಿ ಇಲ್ಲದೆ ಅಗೆಯುವಂತೆಯೇ ಇಲ್ಲ. ಊರ ಹೊರಗಿನ ವೀರಗಲ್ಲು, ಹಾಳು ಗುಡಿಯ ಸುತ್ತ ನಿಧಿ ಆಸೆಗೆ ಅಗೆದು ಹಾಳುಮಾಡಿದ್ದು ನಾವೇ ನೋಡಿದ್ದೀವಿ. ಆ ಸಾಲಿಗೆ ನಾವು ಸೇರೋದು ಬೇಡ.

ಮೊಬೈಲಿನ 'ಚಿನ್ನ ಹುಡುಕುವ ಆಪ್' ನಂಬಬೇಡಿ. ಅವು ಬಳಸೋದು ಫೋನಿನಲ್ಲಿ ದಿಕ್ಸೂಚಿಗೆ ಇಟ್ಟಿರುವ ಸೆನ್ಸರನ್ನು. ಅದಕ್ಕೆ ಕಬ್ಬಿಣದಂಥ ಲೋಹ, ಆಯಸ್ಕಾಂತ ಮಾತ್ರ ತಿಳಿಯುತ್ತೆ, ಅದೂ ಕೆಲವೇ ಇಂಚು ಹತ್ತಿರ ಇದ್ದರೆ. ಚಿನ್ನ, ತಾಮ್ರ ಅದಕ್ಕೆ ಗೊತ್ತೇ ಆಗಲ್ಲ.

ಆ ಹವ್ಯಾಸಿಗಳ ಒಂದು ಶಿಸ್ತು ಮಾತ್ರ ಹಾಗೇ ತಗೊಳ್ಳಿ: ತೋಡಿದ ಗುಂಡಿಯನ್ನು ಮುಚ್ಚಿಯೇ ಮುಂದಿನ ಹೆಜ್ಜೆ. ಸ್ಯಾಂಪಲ್ ತೆಗೆದ ಗುಂಡಿಯಲ್ಲಿ ಹಸುವಿನ ಕಾಲು ಸಿಕ್ಕಿಕೊಂಡರೆ ಆ ನಷ್ಟ ಯಾವ ವರದಿಯೂ ತುಂಬಿಕೊಡಲ್ಲ.

ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡ್ಕೊಂಡು ಒಂದು ಬಳೆ ಮಾಡಿ. ಮೊದಲೆರಡು ದಿನ ಸೊಂಟಕ್ಕೆ ವಿಚಿತ್ರ ಅನ್ನಿಸುತ್ತೆ, ಜಾಗ ಅರ್ಧ ಇಂಚು ಹಿಂದೆ ಮುಂದೆ ಸರಿಸಿ ನೋಡಿ. ಬಳೆ ಕೂರುವ ಜಾಗ ಒಬ್ಬೊಬ್ಬರಿಗೆ ಒಂದೊಂದು ತರ. ವಾರ ಕಳೆದ ಮೇಲೆ, ಅದು ನೇತಾಡ್ತಿದೆ ಅನ್ನೋದೇ ಮರೆತುಹೋದರೆ ಸರಿಯಾದ ಜಾಗ ಸಿಕ್ಕಿದೆ ಅಂತ ಅರ್ಥ.